ಕೊಬ್ಬರಿಗೂ ಹನ್ನೊಂದು ತಿಂಗಳು, ಬಾಡಿಗೆಗೂ ಹನ್ನೊಂದು ತಿಂಗಳು



ಕಳೆದ ವಾರ ತಿಪಟೂರಿನ ಎಪಿಎಂಸಿ ಯಾರ್ಡ್‌ನಲ್ಲಿದ್ದೆ. ಕೊಬ್ಬರಿ ರೇಟು ಚೆನ್ನಾಗಿದೆ, ರೈತರು ಖುಷಿಯಾಗಿದ್ದಾರೆ, ಹೋಗಿ ಒಂದು ಸ್ಟೋರಿ ಮಾಡ್ಕೊಂಡು ಬನ್ನಿ ಅಂತ ಡೆಸ್ಕ್‌ನವರು ಕಳಿಸಿದ್ರು. ಹೋದೆ. ಚೀಲಗಳ ಸಾಲು, ಉಂಡೆ ಕೊಬ್ಬರಿಯ ಆ ವಾಸನೆ, ತೂಕದವರ ಕೂಗು. ತುರುವೇಕೆರೆ ಕಡೆಯ ಒಬ್ಬ ಹಿರಿಯರು ತಮ್ಮ ಚೀಲಗಳ ಪಕ್ಕ ಕೂತಿದ್ರು. ಮೈಕ್ ಹಿಡಿದು ಕೇಳಿದೆ: ಏನ್ ಯಜಮಾನ್ರೇ, ಈ ಸಲ ರೇಟು ಕೈ ಹಿಡೀತಾ?

ಅವರು ಹೇಳಿದ್ದು ಇದು. "ಬೆಲೆ ಬಂದೈತೆ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಈ ದುಡ್ಡು ನಮ್ಮೂರಿಗೆ ಬರಲ್ಲ. ಇಲ್ಲಿಂದ ಸೀದಾ ಬೆಂಗ್ಳೂರಿಗೆ ಹೋಯ್ತದೆ. ಮಗ ಮನೆ ಬದಲಾಯಿಸ್ತಾವ್ನೆ. ಅಡ್ವಾನ್ಸು ಕೊಡ್ಬೇಕು."

ಅಷ್ಟಕ್ಕೇ ಬಿಡಲಿಲ್ಲ. "ನೀನು ಇಂಜಿನಿಯರಿಂಗ್ ಓದಿದೋನಂತಲ್ಲ, ಒಂದು ಲೆಕ್ಕ ಹೇಳು. ಊರಲ್ಲಿ ನಮ್ಮನೇಲಿ ನಾಕು ಅಂಕಣ ಖಾಲಿ ಬಿದ್ದೈತೆ. ಇರೋರು ನಾನು, ನಮ್ಮನೆಯೋಳು ಇಬ್ರೇ. ಅಲ್ಲಿ ಮಗ, ಸೊಸೆ, ಮೊಮ್ಮಗ ಎರಡು ರೂಮಲ್ಲಿ ಅವ್ರೆ. ಆ ಎರಡು ರೂಮಿಗೆ ನನ್ನ ತೋಟ ದುಡೀತೈತೆ. ಇದ್ಯಾವ ಸೀಮೆ ಲೆಕ್ಕ?"

ಆ ಮಾತು ಅವತ್ತಿನ ಸ್ಟೋರಿಯಲ್ಲಿ ಬರಲಿಲ್ಲ. ಕೊಬ್ಬರಿ ಸುದ್ದಿಯೊಳಗೆ ಬಾಡಿಗೆ ಮಾತು ಯಾಕೆ ಅಂತ ಕಟ್ ಆಯ್ತು. ಕಟ್ ಮಾಡಬಾರದಿತ್ತು. ಇವತ್ತಿನ ಮಾತು ಪೂರ್ತಿ ಆ ಯಜಮಾನರಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು ಲೆಕ್ಕ. ಬೆಂಗಳೂರಲ್ಲಿ ಎರಡು ರೂಮಿನ ಸಾಧಾರಣ ಮನೆ, ತಿಂಗಳಿಗೆ 20 ಸಾವಿರ ಅಂತ ಇಟ್ಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ ಅಂದ್ರೆ 2 ಲಕ್ಷ. ಈಗ ಕೆಲವು ಮಾಲೀಕರು ಐದಾರು ತಿಂಗಳಿಗೆ ಇಳಿದಿದ್ದಾರೆ, ಆದರೆ ಹತ್ತು ತಿಂಗಳ ಪದ್ಧತಿ ಇನ್ನೂ ಸತ್ತಿಲ್ಲ. ಈಗ ಆ 2 ಲಕ್ಷವನ್ನು ಕೊಬ್ಬರಿಗೆ ತಿರುಗಿಸಿ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ರೇಟು 8 ಸಾವಿರದ ಹತ್ತಿರಕ್ಕೆ ಬಿದ್ದಿತ್ತು, ನೆನಪಿದೆ ಅಲ್ವಾ? ಆ ರೇಟಿಗೆ 2 ಲಕ್ಷ ಅಂದ್ರೆ 25 ಕ್ವಿಂಟಲ್. ಒಂದು ಕ್ವಿಂಟಲ್‌ಗೆ ಆರೇಳು ನೂರು ಕಾಯಿ ಬೇಕು. ಅಂದ್ರೆ ಹದಿನಾರು ಸಾವಿರ ಕಾಯಿ. ಎಕರೆಗೆ ನಲವತ್ತೈದು ಮರ, ಮರಕ್ಕೆ ವರ್ಷಕ್ಕೆ ಎಪ್ಪತ್ತು ಕಾಯಿ ಹಿಡಿದರೂ ಐದು ಎಕರೆ ತೋಟದ ಒಂದು ವರ್ಷದ ಪೂರ್ತಿ ಬೆಳೆ. ಬಾಡಿಗೆಗಲ್ಲ ಸ್ವಾಮಿ, ಬರೀ ಅಡ್ವಾನ್ಸಿಗೆ!

2025ರಲ್ಲಿ ರೇಟು 20 ಸಾವಿರ ದಾಟಿತು. ಆಗ ಅದೇ ಅಡ್ವಾನ್ಸು 10 ಕ್ವಿಂಟಲ್‌ಗೆ ಇಳಿಯಿತು, ಎರಡು ಎಕರೆಯ ಬೆಳೆ. ಆದರೆ ರೇಟು ಏರಿದ್ದು ಯಾಕೆ? ಇಳುವರಿ ಬಿದ್ದಿದ್ದಕ್ಕೂ ಏರಿತ್ತು. ನುಸಿ, ಕಪ್ಪುತಲೆ ಹುಳು, ಬಿಳಿ ನೊಣ, ಮಳೆಯ ಕಣ್ಣಾಮುಚ್ಚಾಲೆ. ಕಾಯಿ ಇದ್ದಾಗ ರೇಟಿಲ್ಲ, ರೇಟಿದ್ದಾಗ ಕಾಯಿ ಇಲ್ಲ. ಕೊಬ್ಬರಿ ರೇಟು ಏರುತ್ತೆ, ಇಳಿಯುತ್ತೆ. ಬೆಂಗಳೂರಿನ ಬಾಡಿಗೆ ಇಳಿದದ್ದನ್ನು ಕೊರೊನಾ ಕಾಲ ಬಿಟ್ಟರೆ ನಾನಂತೂ ನೋಡಿಲ್ಲ.

ಇನ್ನೊಂದು ಹೋಲಿಕೆ ಇದೆ. ತೋಟದ ಕಡೆಯವರಿಗೆ ಹೇಳಬೇಕಿಲ್ಲ, ಊರಿನವರಿಗೆ ಹೇಳ್ತೀನಿ. ಕಾಯಿಯನ್ನು ಕೆಡವಿ ತಂದು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಮಾಡೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ತಿಪಟೂರಿಗೆ. ಬೆಂಗಳೂರಲ್ಲಿ ಬಾಡಿಗೆ ಕರಾರು ಎಷ್ಟು ತಿಂಗಳಿಗೆ? ಹನ್ನೊಂದು. ಒಂದು ವರ್ಷ ದಾಟಿದ ಲೀಸನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು, ಆ ಓಡಾಟ ಬೇಡ ಅಂತ ಹನ್ನೊಂದು ತಿಂಗಳಿಗೇ ನಿಲ್ಲಿಸ್ತಾರೆ. ಅಂದ್ರೆ ಅಪ್ಪ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿ ಆಗೋ ಹೊತ್ತಿಗೆ ಮಗನ ಅಗ್ರಿಮೆಂಟ್ ಮುಗಿದಿರುತ್ತೆ. ಬಾಡಿಗೆ ಏರಿಸ್ತೀರೋ, ಖಾಲಿ ಮಾಡ್ತೀರೋ?

ನನ್ನದೂ ಇದೇ ಕತೆ. ಕೆಲಸ ಸಿಕ್ಕ ಮೊದಲ ವರ್ಷ, ಪೀಣ್ಯದ ಹಿಂದೆ ಒಂದು ಮನೆ. ಅಡ್ವಾನ್ಸ್ ಕೊಟ್ಟಿದ್ದು ಅಪ್ಪನ ಕೊಬ್ಬರಿ ದುಡ್ಡು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ್ರು. ಗೋಡೆಗೆ ಬಣ್ಣ ಬಳಿದಿದ್ದನ್ನು ನಾನು ನೋಡಲಿಲ್ಲ. ಅಪ್ಪನಿಗೆ ಹೇಳಿದೆ. ಅವರು ಒಂದೇ ಮಾತು ಕೇಳಿದ್ರು, "ಎಷ್ಟು ಕಾಯಿ ಹೋಯ್ತು?" ಅಂತ. ಅವರ ತಲೆಯಲ್ಲಿ ರೂಪಾಯಿ ಓಡಲ್ಲ, ಕಾಯಿ ಓಡುತ್ತೆ.

ಈಗ ಮಾಲೀಕರ ಮೇಲೆ ಕೂಗಾಡಿ ಈ ಕಾರ್ಯಕ್ರಮ ಮುಗಿಸಬಹುದು. ಟಿಆರ್‌ಪಿ ಕೂಡ ಬರುತ್ತೆ. ಆದರೆ ಅದು ಸುಳ್ಳಾಗುತ್ತೆ. ಬೆಂಗಳೂರಿನ ಬಾಡಿಗೆ ಮನೆಗಳ ಮಾಲೀಕರು ಎಲ್ಲರೂ ಸಾಹುಕಾರರಲ್ಲ. 30–40 ಸೈಟಿನಲ್ಲಿ ಕೆಳಗೆ ತಾವಿದ್ದು, ಮೇಲೆ ಎರಡು ಮೂರು ಮನೆ ಕಟ್ಟಿ, ಆ ಬಾಡಿಗೆಯಲ್ಲೇ ಮಾತ್ರೆ ತಗೊಳ್ಳೋ ನಿವೃತ್ತರು ಸಾವಿರಾರು ಮಂದಿ. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ. ಬಾಡಿಗೆದಾರ ಖಾಲಿ ಮಾಡದೇ ಕೂತರೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು ಅನ್ನೋ ಭಯಕ್ಕೆ ಅವರು ಅಡ್ವಾನ್ಸ್ ಹಿಡೀತಾರೆ. ಭಯ ನಿಜವಾದದ್ದೇ.

ಹಾಗಾದರೆ ತಪ್ಪು ಎಲ್ಲಿದೆ? ಎರಡು ಅಂಕಿ ಹೇಳ್ತೀನಿ. 2001ರಿಂದ 2011ರವರೆಗೆ, ಜನಗಣತಿಯ ಹತ್ತು ವರ್ಷದಲ್ಲಿ, ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ 47ರ ಹತ್ತಿರ ಏರಿತು. ಅದೇ ಹತ್ತು ವರ್ಷದಲ್ಲಿ ತುಮಕೂರು ಜಿಲ್ಲೆ ಏರಿದ್ದು ಶೇ 4ಕ್ಕಿಂತ ಕಡಿಮೆ. ಒಂದೇ ಹೆದ್ದಾರಿ, ನಡುವೆ ನೆಲಮಂಗಲ. ಆ ಕಡೆ ನಲವತ್ತೇಳು, ಈ ಕಡೆ ನಾಲ್ಕು ಕೂಡ ಇಲ್ಲ. ಮನೆಗೆ ಮಕ್ಕಳು ಕಡಿಮೆಯಾದದ್ದೂ ಒಂದು ಕಾರಣ ಇರಬಹುದು. ಇದ್ದ ಮಕ್ಕಳು ಬಸ್ ಹತ್ತಿದ್ದು ಇನ್ನೊಂದು ಕಾರಣ. 2011ರಲ್ಲಿ ತುಮಕೂರು ಜಿಲ್ಲೆಯಲ್ಲಿ ಒಂದು ಚದರ ಕಿ.ಮೀ.ಗೆ 253 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಯಜಮಾನರ ಮನೆಯ ನಾಲ್ಕು ಅಂಕಣ ಯಾಕೆ ಖಾಲಿ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ಇಷ್ಟು ಜನ ಬರ್ತಾರೆ ಅಂತ ಗೊತ್ತಿದ್ದ ಊರು ಏನು ಮಾಡಬೇಕಿತ್ತು? ಮನೆ ಕಟ್ಟಬೇಕಿತ್ತು. ಬೆಂಗಳೂರು ಮಾಡಿದ್ದು ಸೈಟು ಹಂಚೋದು. 1976ರಲ್ಲಿ ಬಿಡಿಎ ಹುಟ್ಟಿತು. ಅಲ್ಲಿಂದ ನಮ್ಮ ಮಧ್ಯಮ ವರ್ಗದ ಕನಸು ಅಂದ್ರೆ ಒಂದೇ: ಬಿಡಿಎ ಸೈಟು. ಒಬ್ಬರಿಗೆ ಸೈಟು ಸಿಕ್ಕರೆ ಹತ್ತು ಜನ ಅರ್ಜಿ ಹಾಕಿ ಕಾಯ್ತಾರೆ. ಸೈಟು ಸಿಕ್ಕವರಲ್ಲಿ ಎಷ್ಟೋ ಮಂದಿ ಬೇಲಿ ಹಾಕಿ, ರೇಟು ಏರಲಿ ಅಂತ ಬಿಟ್ಟಿರ್ತಾರೆ. ಊರ ನಡುವೆ ಪಾರ್ಥೇನಿಯಂ ಬೆಳೆದ ಸೈಟು, ಊರ ಹೊರಗೆ ಬಾಡಿಗೆಗೆ ಅಲೆಯೋ ಹುಡುಗರು.

ಇನ್ನು ಯೋಜನೆಯ ಮಾತು. ಬೆಂಗಳೂರಲ್ಲಿ ಎಲ್ಲಿ ಎಷ್ಟು ಮಹಡಿ ಕಟ್ಟಬಹುದು ಅಂತ ಹೇಳೋದು ಮಾಸ್ಟರ್ ಪ್ಲಾನ್. ಈಗಲೂ ಊರು ನಡೀತಿರೋದು 2007ರಲ್ಲಿ ಒಪ್ಪಿಗೆಯಾದ ಪ್ಲಾನ್ ಮೇಲೆ. ಅದರ ಹೆಸರೇ 'ಮಾಸ್ಟರ್ ಪ್ಲಾನ್ 2015'. ಹೆಸರಿನಲ್ಲೇ ಅದರ ಆಯಸ್ಸು ಬರೆದಿದೆ, ಮುಗಿದು ಎಷ್ಟು ವರ್ಷ ಆಯ್ತು ಲೆಕ್ಕ ಹಾಕಿ. 2031ಕ್ಕೆ ಅಂತ ಕರಡು ಮಾಡಿದ್ರು, 2017ರಲ್ಲಿ ಜನರ ಮುಂದೆ ಇಟ್ಟರು, ಆಮೇಲೆ ಕೈಬಿಟ್ಟರು. ಮೆಟ್ರೋ ಓಡದ ಕಾಲದಲ್ಲಿ ಮಾಡಿದ ನಕ್ಷೆ ಹಿಡಿದುಕೊಂಡು ಮೆಟ್ರೋ ಇರೋ ಊರನ್ನು ಕಟ್ತಾ ಇದ್ದೀವಿ.

ಇಲ್ಲಿ ಒಂದು ಆಕ್ಷೇಪ ಬರುತ್ತೆ. ಬೆಂಗಳೂರು ಈಗಲೇ ಉಸಿರುಗಟ್ಟಿದೆ, ಇನ್ನೂ ಮಹಡಿ ಮೇಲೆ ಮಹಡಿ ಏರಿಸಿ ಅಂತೀರಾ ಅಂತ. ನಮ್ಮ ತೋಟದವರಿಗೂ ಹಾಗೇ ಅನಿಸುತ್ತೆ. ಸಸಿ ಒತ್ತೊತ್ತಾಗಿ ಇಟ್ಟರೆ ಮರ ಸಣಕಲಾಗಿ ಮೇಲಕ್ಕೆ ಓಡುತ್ತೆ, ಕಾಯಿ ಬಿಡಲ್ಲ. ಮೂವತ್ತು ಅಡಿಗೊಂದು ಗುಂಡಿ ಅನ್ನೋದು ನಮ್ಮ ಹಿರಿಯರ ಲೆಕ್ಕ. ಸರಿ. ಆದರೆ ಅದೇ ತೋಟದಲ್ಲಿ ತೆಂಗಿನ ನಡುವೆ ಅಡಿಕೆ ಇಡ್ತೀರಿ, ಅಡಿಕೆಗೆ ಮೆಣಸಿನ ಬಳ್ಳಿ ಹಬ್ಬಿಸ್ತೀರಿ, ಕೆಳಗೆ ಬಾಳೆ ಹಾಕ್ತೀರಿ. ಅದೇ ಎಕರೆ, ನಾಲ್ಕು ಬೆಳೆ. ಕೃಷಿ ವಿಜ್ಞಾನಿಗಳು ಇದಕ್ಕೆ ಬಹುಮಹಡಿ ಬೆಳೆ ಪದ್ಧತಿ ಅಂತಲೇ ಹೆಸರಿಟ್ಟಿದ್ದಾರೆ. ಅದು ನಿಲ್ಲೋದು ಯಾವಾಗ? ನೀರು, ಗೊಬ್ಬರ, ಬಿಸಿಲು ಎಲ್ಲಕ್ಕೂ ತಲುಪಿದಾಗ. ಊರೂ ಅಷ್ಟೇ. ನೀರು, ಒಳಚರಂಡಿ, ಬಸ್ಸು, ರೈಲು ತಲುಪಿದ ಕಡೆ ಹತ್ತು ಮಹಡಿ ಇದ್ದರೂ ಜನ ನೆಮ್ಮದಿಯಾಗಿರ್ತಾರೆ. ಇವು ಯಾವುವೂ ಇಲ್ಲದ ಕಡೆ ಎರಡು ಮಹಡಿಯೂ ಹೊರೆಯೇ.

ಇನ್ನೊಂದು ಸತ್ಯ. ದಟ್ಟಣೆ ಬೇಡ ಅನ್ನೋರು ಒಂದು ಪಿಜಿಯೊಳಗೆ ಹೋಗಿ ನೋಡಬೇಕು. ಒಂದು ರೂಮಿಗೆ ಮೂರು ಮಂಚ, ನಾಲ್ಕು ಮಂಚ. ಮಹಡಿಗೆ ಎರಡು ಬಾತ್‌ರೂಮು. ದಟ್ಟಣೆ ಈಗಾಗಲೇ ಇದೆ ಸ್ವಾಮಿ. ಊರಲ್ಲಿ ಮನೆಗಳನ್ನು ದಟ್ಟವಾಗಲು ಬಿಡಲಿಲ್ಲ, ಅದಕ್ಕೇ ಮನೆಯೊಳಗೆ ಮನುಷ್ಯರು ದಟ್ಟವಾದರು.

ಹಾಗಂತ ಎತ್ತರದ ಕಟ್ಟಡ ಕಟ್ಟಿದ ಕೂಡಲೇ ಬಾಡಿಗೆ ಇಳಿದುಬಿಡುತ್ತೆ ಅಂತ ನಾನು ಹೇಳಲ್ಲ. ಹಾಂಗ್‌ಕಾಂಗ್ ನೋಡಿ. ಮುಗಿಲು ಮುಟ್ಟೋ ಕಟ್ಟಡ, ಜಗತ್ತೇ ಹೊಗಳೋ ರೈಲು, ಆದರೆ ಬಾಡಿಗೆ ಜಗತ್ತಿನಲ್ಲೇ ದುಬಾರಿ ಸಾಲಿನಲ್ಲಿದೆ. ಯಾಕೆ? ಅಲ್ಲಿ ಕಟ್ಟೋಕೆ ಜಾಗವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಹರಾಜು ಹಾಕಿ, ಸರ್ಕಾರವೇ ದುಡ್ಡು ಮಾಡಿಕೊಂಡಿತು. ಆಸ್ಟ್ರಿಯಾದ ವಿಯೆನ್ನಾದಲ್ಲಿ ನೂರು ವರ್ಷದಿಂದ ನಗರ ಪಾಲಿಕೆಯೇ ಬಾಡಿಗೆ ಮನೆ ಕಟ್ಟಿಕೊಡ್ತಾ ಬಂದಿದೆ. ಆ ಊರಿನ ಅರ್ಧದಷ್ಟು ಜನ ಪಾಲಿಕೆಯ ಅಥವಾ ಸರ್ಕಾರದ ಸಹಾಯ ಪಡೆದ ಮನೆಗಳಲ್ಲಿದ್ದಾರೆ, ಬಡವರಷ್ಟೇ ಅಲ್ಲ, ಮೇಷ್ಟ್ರು, ನರ್ಸು, ಗುಮಾಸ್ತರೂ. ಟೋಕಿಯೊದಲ್ಲಿ ಸ್ಟೇಷನ್ ಸುತ್ತ ಮನೆ ಕಟ್ಟೋಕೆ ಅಡ್ಡಿ ಕಡಿಮೆ, ಅಲ್ಲಿಗೆ ಕೆಲವೇ ನಿಮಿಷಕ್ಕೊಂದು ರೈಲು. ನಮಗೆ ಹತ್ತಿರದ್ದು ಮುಂಬೈ. ಅಲ್ಲಿ ಬಾಡಿಗೆ ಕಡಿಮೆ ಅಂತ ಯಾರೂ ಹೇಳಲ್ಲ. ಆದರೆ ವಿರಾರ್‌ನಲ್ಲಿ, ಕಲ್ಯಾಣ್‌ನಲ್ಲಿ ಮನೆ ಮಾಡಿ, ಪಾಸ್ ತಗೊಂಡು ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗೋ ದಾರಿ ಬಡವನಿಗೆ ಉಂಟು. ಬೆಂಗಳೂರಿನ ಬಡವನಿಗೆ ಆ ದಾರಿಯೂ ಇಲ್ಲ.

ಬೆಂಗಳೂರಿಗೆ ಮೆಟ್ರೋ ಬಂತಲ್ಲ ಅಂತೀರಿ. ಬಂತು. 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು. ನಮ್ಮ ತುಮಕೂರು ರಸ್ತೆಗೆ 2014ರಲ್ಲಿ ಪೀಣ್ಯದವರೆಗೆ, 2015ರಲ್ಲಿ ನಾಗಸಂದ್ರದವರೆಗೆ, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ. ಒಳ್ಳೆಯದೇ. ಆದರೆ ಏನಾಯ್ತು? ಸ್ಟೇಷನ್ ಬಂತು, ಸ್ಟೇಷನ್ ಹತ್ತಿರ ಇರಬೇಕು ಅನ್ನೋರು ಹೆಚ್ಚಿದರು, ಅಲ್ಲಿ ಮನೆ ಅಷ್ಟೇ ಇತ್ತು. ಬಾಡಿಗೆ ಏರಿತು. ಸ್ಟೇಷನ್ ಪಕ್ಕ ಮೊದಲಿಂದ ಬಾಡಿಗೆಗಿದ್ದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಇನ್ನೂ ಒಳಗಿನ ಗಲ್ಲಿಗೆ ಹೋದಳು. ನಮ್ಮೆಲ್ಲರ ತೆರಿಗೆಯಲ್ಲಿ ಕಟ್ಟಿದ ರೈಲಿನ ಲಾಭ ಜಾಗ ಇದ್ದವರಿಗೆ ಹೋಯ್ತು. ಮೇಲಿಂದ 2025ರ ಫೆಬ್ರವರಿ 9ಕ್ಕೆ ಮೆಟ್ರೋ ಟಿಕೆಟ್ಟೂ ಏರಿತು, ಗರಿಷ್ಠ ದರ 60 ರೂಪಾಯಿ ಇದ್ದದ್ದು 90 ಆಯ್ತು. ಬಾಡಿಗೆ ಉಳಿಸೋಕೆ ದೂರ ಹೋದವನು ಟಿಕೆಟ್ಟಿಗೆ ಕಟ್ಟಬೇಕು.

ಅದಕ್ಕೇ ನಾನು ಹೇಳೋದು, ಮನೆ ಬೇರೆ, ರೈಲು ಬೇರೆ ಅಂತ ಎರಡು ಇಲಾಖೆ ಮಾಡ್ಕೊಂಡು ಕೂರಬೇಡಿ. ರೈಲು ಬಂದ ಕಡೆ ಮನೆ ಕಟ್ಟೋಕೆ ಬಿಡಿ. ಮನೆ ಇರೋ ಕಡೆಗೆ ರೈಲು ಬಿಡಿ. ಬಾಡಿಗೆ ಇಳಿಸೋಕೆ ಈ ಎರಡೂ ಒಟ್ಟಿಗೆ ಆಗಬೇಕು.

ಮನೆ ಇರೋ ಕಡೆ ಅಂದ್ರೆ ಎಲ್ಲಿ? ಯಜಮಾನರ ನಾಲ್ಕು ಅಂಕಣದ ಕಡೆ. ಅಲ್ಲಿಗೆ ಬರೋಣ.

ಮೆಜೆಸ್ಟಿಕ್‌ನಿಂದ ತಿಪಟೂರಿಗೆ ರೈಲಿನಲ್ಲಿ 141 ಕಿ.ಮೀ. ತುಮಕೂರು ದಾಟಿದರೆ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಕರಡಿ, ತಿಪಟೂರು. ಜೋಡಿ ಹಳಿ ಆಗಿದೆ. ವಿದ್ಯುತ್ ತಂತಿ ಬಂದಿದೆ. ರೈಲ್ವೆಯ ತಿಂಗಳ ಪಾಸು 150 ಕಿ.ಮೀ.ವರೆಗೆ ಕೊಡ್ತಾರೆ, ಅಂದ್ರೆ ತಿಪಟೂರು ಆ ಲೆಕ್ಕದೊಳಗೇ ಬರುತ್ತೆ. ಹೊಸದಾಗಿ ಒಂದಿಂಚು ಜಮೀನು ತಗೊಳ್ಳಬೇಕಿಲ್ಲ. ಇಲ್ಲದಿರೋದು ಏನು? ಆಫೀಸ್ ವೇಳೆಗೆ ಹೊಂದೋ, ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲೋ, ನಂಬಿಕೊಳ್ಳಬಹುದಾದ ಸಾಕಷ್ಟು ರೈಲು. 2023ರ ಜೂನ್ 27ಕ್ಕೆ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ನಡುವೆ ನಿಂತಿದ್ದು ಯಶವಂತಪುರ, ದಾವಣಗೆರೆ, ಹುಬ್ಬಳ್ಳಿ ಮಾತ್ರ. ನಮ್ಮ ತೋಟಗಳ ನಡುವೆಯೇ ಹಾಯ್ದು ಹೋಯ್ತು, ಕೈ ಬೀಸಿದ್ದೇ ಬಂತು.

ಚಿಕ್ಕನಾಯಕನಹಳ್ಳಿ ಊರೊಳಗೆ ರೈಲಿಲ್ಲ. ತುರುವೇಕೆರೆಗೆ ಬಾಣಸಂದ್ರವೇ ಸ್ಟೇಷನ್. ಈ ಎರಡೂ ಊರಿನ ಬಸ್ಸು ಕೆ.ಬಿ. ಕ್ರಾಸ್‌ಗೆ ಬಂದು ಬಿ.ಎಚ್. ರಸ್ತೆ ಸೇರುತ್ತೆ. ಅಲ್ಲಿಂದ ಬೆಂಗಳೂರಿಗೆ ಬಸ್ಸಲ್ಲೇ ಹೋಗೋದು ರೂಢಿ. ಬೆಳಗ್ಗೆ ರೈಲಿನ ಹೊತ್ತಿಗೆ ಸರಿಯಾಗಿ ಸ್ಟೇಷನ್ ಮುಟ್ಟಿಸೋ ಒಂದೊಂದು ಸರ್ಕಾರಿ ಬಸ್ಸು ಬಿಟ್ಟರೆ ಏನು ಖರ್ಚು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಬಸ್ಸು ಉಚಿತ, ಆದರೆ ಅದು ರೈಲಿಗೆ ಹೊಂದಲ್ಲ. ಹೊಂದಿಸಿದರೆ ನಿಟ್ಟೂರು, ಗುಬ್ಬಿ, ತುಮಕೂರಿಗೆ ಕೆಲಸಕ್ಕೆ ಹೋಗೋ ಹೆಣ್ಣುಮಗಳು ಬಾಡಿಗೆ ಮನೆ ಹುಡುಕಬೇಕಿಲ್ಲ, ಸಂಜೆ ತನ್ನ ಮನೆಗೇ ಬರ್ತಾಳೆ.

ಒಂದು ವಿಷಯ ಪ್ರಾಮಾಣಿಕವಾಗಿ ಒಪ್ಪಿಕೊಳ್ತೀನಿ. ತಿಪಟೂರಿಂದ ದಿನಾ ಬೆಂಗಳೂರಿಗೆ ಓಡಾಡೋದು ಬಾಳಲ್ಲ. ಹೋಗಿ ಬರೋಕೆ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತೆ. ಆದರೆ ವಾರಕ್ಕೆ ಎರಡು ದಿನ ಆಫೀಸಿಗೆ ಬಂದರೆ ಸಾಕು ಅನ್ನೋ ಕೆಲಸದವರು ಈಗ ಸಾವಿರಾರು ಮಂದಿ ಇದ್ದಾರೆ. ಅವರಿಗೆ ತಿಪಟೂರು ಸಾಧ್ಯ. ದಿನಾ ಹೋಗೋರಿಗೆ ತುಮಕೂರು ಸಾಧ್ಯ, ಗುಬ್ಬಿ ಸಾಧ್ಯ. ತುಮಕೂರಿಂದ ದಿನಾ ರೈಲು ಹತ್ತೋರು ಈಗಲೂ ಸಾವಿರಾರು ಜನ. 2024ರಲ್ಲಿ ತುಮಕೂರು–ಯಶವಂತಪುರ ಮೆಮು ರೈಲೂ ಬಂತು. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ನಮ್ಮ ತುಮಕೂರಿನ ಸಂಸದರೇ. ಈ ಅವಕಾಶ ಮತ್ತೆ ಮತ್ತೆ ಬರಲ್ಲ. ಸಚಿವರೇ, ಅದೇ ಥರದ ರೈಲನ್ನು ತಿಪಟೂರಿನವರೆಗೆ, ಅರಸೀಕೆರೆವರೆಗೆ ಬೆಳಗ್ಗೆ ಸಂಜೆ ಎಳೀರಿ.

ಕೆಲಸವೇ ರೈಲು ಹಳಿಯ ಪಕ್ಕಕ್ಕೆ ಬಂದರೆ ಇನ್ನೂ ಮೇಲು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ ಆಯ್ತು, 615 ಎಕರೆಯಲ್ಲಿ. ಅಲ್ಲಿ ಕೆಲಸ ಸಿಕ್ಕವನು ಪೀಣ್ಯದಲ್ಲಿ ಬಾಡಿಗೆ ಕಟ್ಟಬೇಕಾಗಿಲ್ಲ.

ಈಗ ಸರ್ಕಾರಗಳು ಯಾವ ಕಡೆ ನೋಡ್ತಿವೆ? ಮಾದಾವರದಿಂದ ತುಮಕೂರಿಗೆ ಮೆಟ್ರೋ ಅಂತಾರೆ. ಹೆಚ್ಚುಕಡಿಮೆ 60 ಕಿ.ಮೀ. ಮೆಟ್ರೋ ಎರಡನೇ ಹಂತದ ಖರ್ಚು 40 ಸಾವಿರ ಕೋಟಿ ದಾಟಿದೆ, ಸುರಂಗವೂ ಸೇರಿ ಕಿ.ಮೀ.ಗೆ 500 ಕೋಟಿಗೂ ಮೇಲೆ. ಸುರಂಗ ಇಲ್ಲದೆ ಕಂಬದ ಮೇಲೆ ಕಟ್ಟಿದರೂ ನೂರಾರು ಕೋಟಿ. ಬೆಂಗಳೂರು ಉಪನಗರ ರೈಲು ನೋಡಿ, 148 ಕಿ.ಮೀ.ಗೆ 15,767 ಕೋಟಿ ಅಂದಾಜು. ಕಿ.ಮೀ.ಗೆ ನೂರಾ ಆರು ಕೋಟಿ. ಆ ಉಪನಗರ ರೈಲಿನ 'ಮಲ್ಲಿಗೆ' ಮಾರ್ಗ ಬರೋದು ಎಲ್ಲಿಗೆ? ಚಿಕ್ಕಬಾಣಾವರಕ್ಕೆ. ಅದು ತುಮಕೂರು ಕಡೆಯ ರೈಲು ಹಾದು ಬರೋ ಸ್ಟೇಷನ್. ತಿಪಟೂರು, ಗುಬ್ಬಿ, ತುಮಕೂರಿನವರು ಅಲ್ಲೇ ಇಳಿದು ಬೇರೆ ರೈಲು ಹತ್ತಿ ಬೈಯಪ್ಪನಹಳ್ಳಿಯವರೆಗೆ ಹೋಗಬಹುದು, ಟ್ರಾಫಿಕ್ ಮುಟ್ಟದೆ.

ಹೋಗಬಹುದಿತ್ತು ಅನ್ನಬೇಕು. 2020ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. 2022ರ ಜೂನ್ 20ಕ್ಕೆ ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳು ಅಂದರು. 2025ರ ಅಕ್ಟೋಬರ್‌ಗೆ ಆ 40 ತಿಂಗಳು ಮುಗೀತು. ಒಂದೇ ಒಂದು ರೈಲು ಓಡಲಿಲ್ಲ. ಕೇಂದ್ರದವರು ರಾಜ್ಯ ಅಂತಾರೆ, ರಾಜ್ಯದವರು ಕೇಂದ್ರ ಅಂತಾರೆ. ಆ 40 ತಿಂಗಳಲ್ಲಿ ನಮ್ಮ ಕಡೆ ಅಟ್ಟಕ್ಕೆ ಮೂರು ಸಲ ಕಾಯಿ ಹಾಕಿ, ಇಳಿಸಿ, ಮಾರಿ ಆಯ್ತು.

ಇನ್ನು ಕಾನೂನು. ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಇದೆ. 1999ರ ಕಾಯ್ದೆ, ಜಾರಿಗೆ ಬಂದಿದ್ದು 2001ರ ಕೊನೆಗೆ. ಆದರೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯವೇ ಆಗಲ್ಲ. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಕಾರು ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಅದರ ಪ್ರಕಾರ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಮಾಲೀಕನ ಭಯಕ್ಕೂ ಅದರಲ್ಲಿ ಮದ್ದಿದೆ: ಬಾಡಿಗೆ ತಕರಾರಿಗೇ ಬೇರೆ ಪ್ರಾಧಿಕಾರ, ಬೇರೆ ನ್ಯಾಯಾಲಯ, ಬೇಗ ತೀರ್ಪು. ಮಾದರಿ ಕಾಯ್ದೆ ತಾನಾಗೇ ಜಾರಿ ಆಗಲ್ಲ, ರಾಜ್ಯ ತನ್ನ ಕಾಯ್ದೆ ಮಾಡಬೇಕು. ಬೆಂಗಳೂರಲ್ಲಿ ಇವತ್ತೂ ಹತ್ತು ತಿಂಗಳು ಕೇಳ್ತಾರೆ ಅಂದ್ರೆ ನೀವೇ ತಿಳ್ಕೊಳ್ಳಿ.

ಒಂದು ಎಚ್ಚರಿಕೆ. ಬಾಡಿಗೆಯನ್ನೇ ಕಾನೂನಿನಿಂದ ಕಟ್ಟಿಹಾಕಿ ಅಂತ ನಾನು ಹೇಳ್ತಿಲ್ಲ. ಮುಂಬೈಯಲ್ಲಿ 1947ರ ಕಾಯ್ದೆ ಹಾಗೆ ಮಾಡಿತು. ಬಾಡಿಗೆ ನಿಂತಿತು, ಮಾಲೀಕ ರಿಪೇರಿ ನಿಲ್ಲಿಸಿದ, ಕಟ್ಟಡ ಕುಸಿಯಿತು. ಹೊಸದಾಗಿ ಬಂದವನಿಗೆ ಪಗಡಿ ಕಟ್ಟದೆ ಮನೆಯೇ ಸಿಗಲಿಲ್ಲ. ಅಡ್ವಾನ್ಸಿಗೆ ಮಿತಿ ಹಾಕಿ, ಜಗಳಕ್ಕೆ ಬೇಗ ನ್ಯಾಯ ಕೊಡಿ, ಮನೆಗಳ ಸಂಖ್ಯೆ ಹೆಚ್ಚಿಸಿ. ಬಾಡಿಗೆ ತಾನೇ ಹತೋಟಿಗೆ ಬರುತ್ತೆ.

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆ ಬಂದಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬೋರ್ಡು ಬದಲಾಯ್ತು. ನನ್ನ ಪ್ರಶ್ನೆ ಇಷ್ಟೇ. ಈ ಐದರಲ್ಲಿ ಯಾವ ಪಾಲಿಕೆ, ವರ್ಷಕ್ಕೆ ಇಷ್ಟು ಬಾಡಿಗೆ ಮನೆ ನಮ್ಮ ಸ್ಟೇಷನ್‌ಗಳ ಸುತ್ತ ಎದ್ದು ನಿಲ್ಲಬೇಕು ಅಂತ ಗುರಿ ಇಟ್ಟುಕೊಳ್ಳುತ್ತೆ? ಹೊಸ ಪ್ಲಾನ್ ಮಾಡಿ. ಮೆಟ್ರೋ, ರೈಲು ಸ್ಟೇಷನ್‌ನಿಂದ ನಡೆದು ಹೋಗೋ ದೂರದೊಳಗೆ ಹೆಚ್ಚು ಮಹಡಿಗೆ ಅನುಮತಿ ಕೊಡಿ. ಆದರೆ ನೀರು, ಒಳಚರಂಡಿ ಮೊದಲು, ಮಹಡಿ ಆಮೇಲೆ. ಹೆಚ್ಚು ಮಹಡಿ ಪಡೆದವನು ಇಂತಿಷ್ಟು ಸಣ್ಣ ಮನೆ ಕಟ್ಟಲೇಬೇಕು ಅಂತ ಷರತ್ತು ಹಾಕಿ. ಇಲ್ಲದಿದ್ದರೆ ಸ್ಟೇಷನ್ ಪಕ್ಕ ಎದ್ದು ನಿಲ್ಲೋದು ಎರಡೆರಡು ಕಾರಿರೋರ ಮನೆ, ರೈಲು ಹತ್ತೋನು ಮತ್ತೆ ದೂರಕ್ಕೆ.

ಯಜಮಾನ್ರೇ, ನೀವು ಕೇಳಿದ ಲೆಕ್ಕಕ್ಕೆ ಉತ್ತರ ಇದು. ನಿಮ್ಮ ಮನೆ ಖಾಲಿ ಇರೋದಕ್ಕೂ, ನಿಮ್ಮ ಮಗನ ಮನೆ ಇಕ್ಕಟ್ಟಾಗಿರೋದಕ್ಕೂ ನಡುವೆ ಇರೋದು 141 ಕಿ.ಮೀ. ಹಳಿ. ಆ ಹಳಿ ಮೇಲೆ ಸಾಕಷ್ಟು ರೈಲಿಲ್ಲ. ಆ ಹಳಿ ಮುಟ್ಟೋ ಊರಲ್ಲಿ ಸಾಕಷ್ಟು ಮನೆ ಇಲ್ಲ. ಮನೆ ಕಡಿಮೆ ಇದ್ದಾಗ ಕೇಳಿದವನು ಕೇಳಿದಷ್ಟು ಕೊಡಬೇಕು. ಅದನ್ನು ನಿಮ್ಮ ತೋಟ ಕೊಡ್ತಾ ಇದೆ. ಬೆಂಗಳೂರಿನ ಮನೆ ಸಮಸ್ಯೆ ಬೆಂಗಳೂರಿನದ್ದು ಅಂತ ನಮ್ಮ ಕಡೆಯ ಶಾಸಕರು ಸುಮ್ಮನಿದ್ದಾರೆ. ಅಲ್ಲ. ಅದು ತಿಪಟೂರಿನದ್ದು, ತುರುವೇಕೆರೆಯದ್ದು, ಚಿಕ್ಕನಾಯಕನಹಳ್ಳಿಯದ್ದು. ಬೆಂಬಲ ಬೆಲೆಗೆ ರಸ್ತೆಗೆ ಇಳಿದ ಹಾಗೆ ಈ ರೈಲಿಗೂ, ಈ ಅಡ್ವಾನ್ಸ್ ಕಾನೂನಿಗೂ ನಾವು ಕೇಳಬೇಕು. ಕ್ವಿಂಟಲ್‌ಗೆ ಸಾವಿರ ಹೆಚ್ಚು ಕೊಡಿಸಿ, ಅದನ್ನು ಬೆಂಗಳೂರಿನ ಅಡ್ವಾನ್ಸಿಗೆ ಸುರಿದರೆ ರೈತನಿಗೆ ಉಳಿಯೋದೇನು?

ನಿನ್ನೆ ಆ ಯಜಮಾನರಿಗೆ ಫೋನ್ ಮಾಡಿದ್ದೆ. ಮಗನಿಗೆ ಮನೆ ಸಿಕ್ಕಿತಂತೆ. ಚೌಕಾಸಿ ಮಾಡಿ ಅಡ್ವಾನ್ಸು ಎಂಟು ತಿಂಗಳಿಗೆ ಇಳಿಸಿದ್ರಂತೆ, ಅದೇ ದೊಡ್ಡ ಖುಷಿ. ಈಗೇನ್ ಮಾಡ್ತಿದ್ದೀರಿ ಅಂದೆ. "ಕಾಯಿ ಕೆಡವ್ಸಿ ಅಟ್ಟಕ್ಕೆ ಹಾಕ್ತಾ ಇವ್ನಿ ಕಣಪ್ಪ. ಇಳ್ಸೋ ಹೊತ್ಗೆ ಅವುನ್ ಅಗ್ರಿಮೆಂಟು ಮುಗಿದಿರ್ತದೆ" ಅಂದ್ರು. ನಕ್ಕರು. ನನಗೆ ನಗು ಬರಲಿಲ್ಲ.